ಸೋಮವಾರದ ಮುನಿಸು: ಕುವೆಂಪುನಗರದ ಒಂದು ಕಡಲ ತೊಟ್ಟಿಯ ಕ್ಷಾರೀಯತೆ

"ಮೇಷ್ಟ್ರೇ, ಹವಳಗಳು ಊಟ ಬಿಟ್ಟಿವೆ."

ಮೇ ತಿಂಗಳ ಒಂದು ಭಾನುವಾರ ಸಂಜೆ ಬಂದ ಫೋನ್ ಕರೆ ಶುರುವಾದದ್ದೇ ಹೀಗೆ. ಕುವೆಂಪುನಗರದ ಈ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಲೆಕ್ಕದಲ್ಲಿ ಬಿಗಿ, ಅಳತೆಯಲ್ಲಿ ಸಡಿಲ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು, ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡಿರುವವನು. ಸಮುದ್ರದಿಂದ ದೂರದ ಮೈಸೂರಿನಲ್ಲಿ ಇಂಥ ಹುಚ್ಚು ಹಿಡಿದವರು ಬೆರಳೆಣಿಕೆಯಷ್ಟು ಜನ. ಒಬ್ಬರ ತೊಟ್ಟಿಗೆ ನೆಗಡಿಯಾದರೆ ಇನ್ನೊಬ್ಬರಿಗೆ ಫೋನ್ ಬರುತ್ತದೆ.

ಊಟ ಬಿಟ್ಟಿವೆ ಎನ್ನುವುದಕ್ಕೆ ಅವರ ಬಳಿ ಪುರಾವೆ ಇತ್ತು. ನೀರಿನ ಕ್ಷಾರೀಯತೆ, ಅಂದರೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ, ಇಳಿಯದಂತೆ ಮಾರ್ಚ್ ತಿಂಗಳಲ್ಲಿ ಪ್ರತಿ ಭಾನುವಾರ ಅಡುಗೆ ಸೋಡಾ ಹಾಕಬೇಕಾಗುತ್ತಿತ್ತು. ಏಪ್ರಿಲ್‌ನಿಂದ ಎರಡು ವಾರಕ್ಕೊಮ್ಮೆ ಹಾಕಿದರೆ ಸಾಕಾಗುತ್ತಿದೆ. ಅಂದರೆ ಒಳಗಿನ ಜೀವಿಗಳು ಕ್ಷಾರೀಯತೆಯನ್ನು ಬಳಸುವುದನ್ನು ಕಡಿಮೆ ಮಾಡಿವೆ, ಅಂದರೆ ಬೆಳವಣಿಗೆ ನಿಂತಿದೆ, ಅಂದರೆ ಸಾಯುತ್ತಿವೆ. ಈ ತರ್ಕವನ್ನು ನಾನು ನಗೆಯಾಡಲಾರೆ. ಬಳಕೆ ಇದ್ದಕ್ಕಿದ್ದಂತೆ ಇಳಿದರೆ ತೊಟ್ಟಿಯಲ್ಲಿ ಏನೋ ಕೆಟ್ಟಿದೆ ಎಂದು ಅನುಮಾನಿಸುವುದು ಸರಿಯಾದ ಅಭ್ಯಾಸವೇ. ಆದರೆ ಈ ಮನೆಯಲ್ಲಿ ಬಳಕೆ ಇಳಿದಿರಲೇ ಇಲ್ಲ. ಅದು ಗೊತ್ತಾಗಲು ಹತ್ತು ದಿನ ಹಿಡಿಯಿತು.

ಮೊದಲು ತೊಟ್ಟಿಯ ವಿಷಯ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ಪೆಟ್ಟಿಗೆ. ಕೆಳಗೆ ಪಂಪು, ಹೀಟರು, ಫೋಮ್ ತೆಗೆಯುವ ಸ್ಕಿಮ್ಮರ್ ಇರುವ ಇನ್ನೊಂದು ಸಣ್ಣ ತೊಟ್ಟಿ. ಇದಕ್ಕೂ ಸಂಪು ಎಂದೇ ಹೆಸರು. ಅಂಗಳದ ಕೆಳಗಿನ ನೀರಿನ ಸಂಪಿಗೂ ಅದೇ ಹೆಸರಾದ್ದರಿಂದ ಈ ಮನೆಯಲ್ಲಿ "ಸಂಪು ತುಂಬಿತೇ?" ಎಂದರೆ ಯಾವುದು ಎಂದು ಮರಳಿ ಕೇಳಬೇಕು. ಕಲ್ಲು, ಮರಳುಗಳ ಜಾಗ ಕಳೆದರೆ ನಿಜವಾದ ನೀರು 240 ಲೀಟರ್. ಇದನ್ನು ಅವರು ಗಾಜಿನ ಅಳತೆಯಿಂದ ಗುಣಿಸಿ ತೆಗೆದದ್ದಲ್ಲ, ತುಂಬಿಸುವಾಗ ಬಕೆಟ್ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟದ್ದು. ಆ ಒಂದು ಸಂಖ್ಯೆ ಇಲ್ಲದಿದ್ದರೆ ಮುಂದಿನ ಲೆಕ್ಕ ಯಾವುದೂ ನಿಲ್ಲುತ್ತಿರಲಿಲ್ಲ.

ಒಳಗೆ ಇದ್ದದ್ದು ಮೆದು ಹವಳಗಳು ಮಾತ್ರ: ಅಂಗಿಯ ಗುಂಡಿಗಳ ಹಾಗೆ ಕಾಣುವ ಜೋಆಂಥಿಡ್‌ಗಳು, ಅಣಬೆ ಹವಳ, ಅಂಗೈ ಅಗಲದ ತೊಗಲು ಹವಳ. ಜೊತೆಗೆ ಒಂದು ಜೋಡಿ ಕ್ಲೌನ್ ಮೀನು, ಹತ್ತು ಹನ್ನೆರಡು ಬಸವನಹುಳು. ಬಂಡೆ ಕಟ್ಟುವ ಗಟ್ಟಿ ಹವಳಗಳು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ, ಆನೆಗಳ ಸಾಲಿನಲ್ಲಿರುವುದನ್ನು ಹಜಾರದಲ್ಲಿ ಇಟ್ಟುಕೊಳ್ಳುವ ಆಸೆ ಬೇಡವೆಂದು ಅವರು ಮೊದಲೇ ನಿರ್ಧರಿಸಿದ್ದರು. ಒಳ್ಳೆಯ ನಿರ್ಧಾರ. ಆದರೆ ಅದರ ಬಾಲವಾಗಿ ಒಂದು ತಪ್ಪು ನಂಬಿಕೆಯೂ ಬಂದಿತ್ತು. ಗಟ್ಟಿ ಹವಳ ಇಲ್ಲದ ಮೇಲೆ ಕ್ಷಾರೀಯತೆಯ ಖರ್ಚು ನಾಮಕಾವಸ್ತೆ ಮಾತ್ರ ಎಂಬುದು ಆ ನಂಬಿಕೆ.

ಹಿಂಬದಿಯ ಗಾಜನ್ನು ನೋಡಿದರೆ ಸಾಕಿತ್ತು. ನಾಲ್ಕಡಿ ಉದ್ದಕ್ಕೂ ನೇರಳೆ, ಗುಲಾಬಿ ಬಣ್ಣದ ಗಟ್ಟಿ ಹೊದಿಕೆ, ಉಗುರಿನಿಂದ ಕೆರೆದರೆ ಉಗುರೇ ಸವೆಯಬೇಕು. ಅದು ಕೋರಲೈನ್ ಪಾಚಿ. ಹೆಸರಿಗೆ ಪಾಚಿ, ಕೆಲಸ ಗಾರೆಯವನದು. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್‌ಗಳನ್ನು ಎಳೆದುಕೊಂಡು ಸುಣ್ಣಕಲ್ಲು ಮಾಡಿ ಗೋಡೆಗೆ ಮೆತ್ತುತ್ತದೆ. ಗಟ್ಟಿ ಹವಳ ಮಾಡುವುದೂ ಇದನ್ನೇ. ಬಸವನಹುಳುಗಳೂ ಚಿಪ್ಪು ಬೆಳೆಸುವಾಗ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಯಜಮಾನರು "ಊಟ ಬಿಟ್ಟಿವೆ" ಎಂದದ್ದು ತೊಗಲು ಹವಳವನ್ನು ನೋಡಿ. ನಿಜವಾಗಿ ಉಣ್ಣುತ್ತಿದ್ದದ್ದು ಅದರ ಹಿಂದಿನ ಗೋಡೆ.

ಕ್ಷಾರೀಯತೆ ಎಂಬ ಮಾತಿನಲ್ಲೇ ಒಂದು ಗೊಂದಲವಿದೆ. ಇದು ಪಿಎಚ್ ಅಲ್ಲ. ನೀರು ಈ ಗಳಿಗೆಯಲ್ಲಿ ಎಷ್ಟು ಹುಳಿ ಅಥವಾ ಎಷ್ಟು ಕ್ಷಾರ ಎಂದು ಹೇಳುವುದು ಪಿಎಚ್. ಎಷ್ಟು ಹುಳಿ ಹಿಂಡಿದರೆ ನೀರು ಸೋಲುತ್ತದೆ ಎಂದು ಹೇಳುವುದು ಕ್ಷಾರೀಯತೆ. ಅದನ್ನು ಅಳೆಯುವುದೂ ಹಾಗೆಯೇ: ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಬಣ್ಣ ತಿರುಗುವವರೆಗೆ ಎಣಿಸುವುದು. ಅಳತೆಯ ಮಾನ ಡಿಕೆಎಚ್, ಜರ್ಮನರು ಬಳಕೆಗೆ ತಂದ ಡಿಗ್ರಿ. ಸಹಜ ಸಮುದ್ರದ ನೀರಿನಲ್ಲಿ ಸುಮಾರು 7 ಇರುತ್ತದೆ. ಮನೆಯ ತೊಟ್ಟಿಗಳನ್ನು 7ರಿಂದ 9ರ ನಡುವೆ ಎಲ್ಲಿಯಾದರೂ ಇಡಬಹುದು, ಆದರೆ ಎಲ್ಲಿ ಇಟ್ಟೆವೋ ಅಲ್ಲೇ ಇರಬೇಕು.

ಕಿಟಕಿ ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ರಾತ್ರಿ ಮಲಗಿದರೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ತೊಟ್ಟಿಯ ಪಿಎಚ್ ಬೆಳಗಿನ ಹೊತ್ತಿಗೆ ಇಳಿದಿರುತ್ತದೆ. ಕ್ಷಾರೀಯತೆ ಕದಲುವುದಿಲ್ಲ. ಜನವರಿಯ ಚಳಿಯಲ್ಲಿ ಒಂದು ಬೆಳಗ್ಗೆ ಪಿಎಚ್ 7.9 ಕಂಡು ಯಜಮಾನರು ಸೋಡಾ ಸುರಿದಿದ್ದರಂತೆ. ತೆರೆಯಬೇಕಾಗಿದ್ದದ್ದು ಕಿಟಕಿ.

ನೋಟುಬುಕ್ಕು

ಈ ಪ್ರಕರಣದಲ್ಲಿ ನನಗೆ ಸಿಕ್ಕ ದೊಡ್ಡ ಸಾಕ್ಷಿ ಅವರ ಮಗಳ ನೋಟುಬುಕ್ಕು. ಪಿಯುಸಿ ಓದುವ ಹುಡುಗಿ. ಅಪ್ಪ ಭಾನುವಾರ ಅಳೆದ ಸಂಖ್ಯೆ ಒಂದು ಕಡೆ, ತಾನು ಬುಧವಾರ ಅಳೆದದ್ದು ಇನ್ನೊಂದು ಕಡೆ. ಅಂಚಿನಲ್ಲಿ ಅಂಥದ್ದೊಂದು ಇಂಥದ್ದೊಂದು ಟಿಪ್ಪಣಿ: "ಮೀನು ಮೊಟ್ಟೆ ಇಟ್ಟಿದೆ", "ಕರೆಂಟ್ ಎರಡು ಗಂಟೆ ಇರಲಿಲ್ಲ", "ಗುಂಡಿಗಳು ಮುಚ್ಚಿವೆ". ಈ ಕೊನೆಯ ಟಿಪ್ಪಣಿಯನ್ನು ನಾನು ಬೆರಳಿಟ್ಟು ಎಣಿಸುತ್ತಾ ಹೋದೆ. ನಾಲ್ಕು ತಿಂಗಳಲ್ಲಿ ಹದಿನಾಲ್ಕು ಸಲ. ಅದರಲ್ಲಿ ಹನ್ನೆರಡು ಸೋಮವಾರ.

"ಸೋಮವಾರ ಇವುಗಳಿಗೆ ಏನಾದರೂ ವ್ರತ ಇದೆಯೇ?" ಎಂದೆ.

ಹುಡುಗಿ ನಕ್ಕಳು. ಯಜಮಾನರು ನಗಲಿಲ್ಲ. ಭಾನುವಾರ ಏನು ನಡೆಯುತ್ತದೆ ಎಂಬುದು ಅವರಿಗೆ ಆಗಲೇ ಹೊಳೆದಿತ್ತು.

ಭಾನುವಾರದ ಕ್ರಮ ಹೀಗಿತ್ತು. ಬೆಳಗ್ಗೆ ಅಳತೆ. 8.5ಕ್ಕಿಂತ ಕಡಿಮೆ ಇದ್ದರೆ ಎರಡು ಚಮಚ ಅಡುಗೆ ಸೋಡಾ, 7.5ಕ್ಕಿಂತಲೂ ಇಳಿದಿದ್ದರೆ ಮೂರು, 9 ಮುಟ್ಟಿದ್ದರೆ ಏನೂ ಇಲ್ಲ. ಒಂದು ಲೋಟ ನೀರಿನಲ್ಲಿ ಕದಡಿ ಒಂದೇ ಸಲಕ್ಕೆ ಸಂಪಿಗೆ ಸುರಿಯುವುದು. ಎರಡು ವಾರಕ್ಕೊಮ್ಮೆ ಅದೇ ಬೆಳಗ್ಗೆ ಐದರಲ್ಲಿ ಒಂದು ಪಾಲು ನೀರು ಬದಲಾವಣೆ.

ಅವರ ಚಮಚವನ್ನು ತರಿಸಿ, ನಾನು ಜೊತೆಗೆ ಒಯ್ದಿದ್ದ ಪುಟ್ಟ ತಕ್ಕಡಿಯಲ್ಲಿ ಮೂರು ಸಲ ತೂಗಿದೆ. ಅಕ್ಕಸಾಲಿಗರು ಇಟ್ಟುಕೊಳ್ಳುವಂಥ, 0.01 ಗ್ರಾಂವರೆಗೆ ತೋರಿಸುವ ತಕ್ಕಡಿ. 6.1, 7.4, 8.6. ಗೋಪುರ ಕಟ್ಟಿದ ಚಮಚ ಒಂದೊಂದು ಸಲ ಒಂದೊಂದು ಎತ್ತರ. ಒಟ್ಟು 22 ಗ್ರಾಂ. ನೂರು ಲೀಟರ್ ನೀರಿನಲ್ಲಿ 1 ಡಿಕೆಎಚ್ ಏರಿಸಲು 3 ಗ್ರಾಂ ಅಡುಗೆ ಸೋಡಾ ಬೇಕು. ಹಾಗಾದರೆ 240 ಲೀಟರಿಗೆ 7.2 ಗ್ರಾಂ. ಮೂರು ಚಮಚ ಎಂದರೆ ಅರ್ಧ ಗಂಟೆಯಲ್ಲಿ 3 ಡಿಕೆಎಚ್ ಜಿಗಿತ.

ಅದಕ್ಕೆ ನೀರು ಬದಲಾವಣೆಯನ್ನು ಕೂಡಿಸಬೇಕು. ಅವರು ಬಳಸುತ್ತಿದ್ದ ಸಮುದ್ರದ ಉಪ್ಪನ್ನು ಕದಡಿ ಅಳೆದರೆ 11 ಬಂತು. ಬೇಗ ಬೆಳೆಯುವ ಹವಳಗಳಿಗಾಗಿ ಹೀಗೆ ಹೆಚ್ಚು ಕ್ಷಾರೀಯತೆಯ ಮಿಶ್ರಣ ಮಾರುತ್ತಾರೆ, ಅದರಲ್ಲಿ ಮೋಸವೇನಿಲ್ಲ. 7.2 ಇರುವ ತೊಟ್ಟಿಗೆ ಐದನೇ ಒಂದು ಪಾಲು 11ರ ನೀರು ಸೇರಿದರೆ ಸುಮಾರು 0.8 ಏರುತ್ತದೆ. ಹೀಗೆ ಭಾನುವಾರ ಬೆಳಗ್ಗೆ 7.2 ಇದ್ದದ್ದು ತಿಂಡಿ ಮುಗಿಯುವ ಹೊತ್ತಿಗೆ 11. ಸೋಮವಾರ ಗುಂಡಿಗಳು ಮುಚ್ಚದೆ ಇನ್ನೇನು ಮಾಡಬೇಕು?

ತೊಗಲು ಹವಳದ ಮೇಲೆ ಮೇಣದಂಥ ಪೊರೆ ಬಂದಿತ್ತು. ಅದನ್ನೂ ಇದೇ ಖಾತೆಗೆ ಬರೆಯಲು ಯಜಮಾನರು ಸಿದ್ಧರಿದ್ದರು. ನಾನು ಒಪ್ಪಲಿಲ್ಲ. ತೊಗಲು ಹವಳ ಆಗಾಗ ಮುದುಡಿ ಕುಳಿತು ಪೊರೆ ಕಳಚುವುದು ಅದರ ಸ್ವಭಾವ. ಒಂದು ತಪ್ಪು ಸಿಕ್ಕಿದ ಕೂಡಲೇ ಮನೆಯಲ್ಲಿ ಆದದ್ದಕ್ಕೆಲ್ಲ ಅದೇ ಕಾರಣ ಎನ್ನುವ ಚಾಳಿ ನಮ್ಮೆಲ್ಲರಿಗೂ ಇದೆ. ಕೋರಲೈನ್ ಹೊದಿಕೆ ಅಲ್ಲಲ್ಲಿ ಬಿಳಿಚಿದ್ದು ಮಾತ್ರ ಈ ಏರಿಳಿತದ ಲೆಕ್ಕಕ್ಕೆ ಹೋಗಬಹುದು ಎನ್ನಿಸಿತು.

ಆದರೂ ಮೂಲ ಪ್ರಶ್ನೆ ಹಾಗೆಯೇ ಉಳಿದಿತ್ತು. ಮಾರ್ಚ್‌ನಲ್ಲಿ ವಾರಕ್ಕೆ 3ರ ಹತ್ತಿರ ಇಳಿಯುತ್ತಿದ್ದದ್ದು ಏಪ್ರಿಲ್‌ನಲ್ಲಿ 2ರ ಆಸುಪಾಸು ಮಾತ್ರ ಇಳಿಯಲು ಕಾರಣವೇನು?

ಅಳೆಯುವ ಕೈ

ಕಾರಣ ಹುಡುಕುವ ಮೊದಲು ಅಳತೆಯನ್ನೇ ಅಳೆಯಬೇಕಿತ್ತು. ಅಪ್ಪನ ಭಾನುವಾರಕ್ಕೂ ಮಗಳ ಬುಧವಾರಕ್ಕೂ ಒಂದು ನಿಯಮಿತ ಅಂತರ ಕಾಣುತ್ತಿತ್ತು. ನಾನು ಕಾಲೇಜಿನಿಂದ ಅಳತೆಯ ಜಾಡಿ ತಂದು, 2.40 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದೆ. ಅದರಲ್ಲಿ 100 ಮಿಲಿ ತೆಗೆದು ಮತ್ತೆ ಒಂದು ಲೀಟರ್ ಮಾಡಿದೆ. ಇದು ಲೆಕ್ಕದ ಪ್ರಕಾರ 8.0 ಡಿಕೆಎಚ್. ಏನೆಂದು ಹೇಳದೆ ಇಬ್ಬರಿಗೂ ಕೊಟ್ಟೆ.

ಮಗಳಿಗೆ 7.9. ಅಪ್ಪನಿಗೆ 8.5.

ಪಕ್ಕದಲ್ಲಿ ನಿಂತು ನೋಡಿದರೆ ವ್ಯತ್ಯಾಸ ಕೈಯಲ್ಲೇ ಕಾಣುತ್ತಿತ್ತು. ಸಿರಿಂಜಿನಿಂದ ಹನಿ ಬೀಳುತ್ತಾ ನೀಲಿ ಹಸಿರು ನೀರು ಮೊದಲು ಮಂಕಾಗುತ್ತದೆ, ಆಮೇಲೆ ಒಂದೇ ಹನಿಗೆ ಕಿತ್ತಳೆ ಗುಲಾಬಿಯ ಕಡೆ ಹೊರಳುತ್ತದೆ. ಮಗಳು ಹೊರಳಿದ ಹನಿಗೆ ನಿಲ್ಲಿಸುತ್ತಾಳೆ. ಅಪ್ಪನಿಗೆ "ಚೆನ್ನಾಗಿ ಗುಲಾಬಿ" ಆಗಬೇಕು, ಇನ್ನೂ ಎರಡು ಮೂರು ಹನಿ. ಅದೂ ಹಳದಿ ಬಲ್ಬಿನ ಕೆಳಗೆ. ಅಂದಿನಿಂದ ಅಳತೆ ಒಬ್ಬರದೇ, ಬೆಳಗ್ಗೆ ಏಳು ಗಂಟೆಗೆ, ಕಿಟಕಿಯ ಬಳಿ, ಬಿಳಿ ಹಾಳೆಯ ಮುಂದೆ ಎಂದು ಗೊತ್ತು ಮಾಡಿದೆವು. ಸ್ಥಿರವಾಗಿ ಅರ್ಧ ಅಂಶ ತಪ್ಪುವ ಕೈಯಿಂದಲೂ ಕೆಲಸ ನಡೆಯುತ್ತದೆ. ಎರಡು ಕೈ ಸೇರಿದಾಗಲೇ ತೊಂದರೆ.

ಇನ್ನೊಂದು ಹುಸಿ ಏರಿಳಿತವೂ ಇತ್ತು. ಆವಿಯಾದ ನೀರನ್ನು ಅವರು ದಿನಾ ತುಂಬುತ್ತಿರಲಿಲ್ಲ, ಎರಡು ಮೂರು ದಿನಕ್ಕೊಮ್ಮೆ ತುಂಬುತ್ತಿದ್ದರು. ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನ್ ತಿರುಗುತ್ತಿದ್ದುದರಿಂದ ದಿನಕ್ಕೆ 5 ಲೀಟರ್ ಹೋಗುತ್ತಿತ್ತು. ಹತ್ತು ಹನ್ನೆರಡು ಲೀಟರ್ ಕಡಿಮೆ ಇದ್ದಾಗ ಅಳೆದರೆ ಉಪ್ಪು, ಕ್ಷಾರೀಯತೆ ಎಲ್ಲವೂ ನೂರಕ್ಕೆ ನಾಲ್ಕೈದು ಪಾಲು ಹೆಚ್ಚು ತೋರಿಸುತ್ತವೆ. ಹಾಗಾಗಿ ತುಂಬಿದ ಮೇಲೆಯೇ ಅಳತೆ.

ಬುಧವಾರದಿಂದ ನಿಜವಾದ ಪರೀಕ್ಷೆ. ಸೋಡಾ ಇಲ್ಲ, ನೀರು ಬದಲಾವಣೆ ಇಲ್ಲ. ಆವಿಯಾದದ್ದಕ್ಕೆ ನನ್ನ ಮನೆಯಿಂದ ಒಯ್ದ ಶುದ್ಧ ನೀರು, ಟಿಡಿಎಸ್ (ಕರಗಿರುವ ಲವಣಗಳ ಅಳತೆ) ಸೊನ್ನೆ. ಮಗಳ ಅಳತೆ ಐದು ಬೆಳಗ್ಗೆ: 9.6, 9.2, 8.7, 8.2, 7.8. ನಾಲ್ಕು ದಿನಕ್ಕೆ 1.8, ದಿನಕ್ಕೆ 0.45. ವಾರಕ್ಕೆ ಮೂರಕ್ಕೂ ತುಸು ಹೆಚ್ಚು. ಮಾರ್ಚಿನ ಹಸಿವು ಮೇ ತಿಂಗಳಲ್ಲೂ ಹಾಗೆಯೇ ಇತ್ತು! ಊಟ ಯಾರೂ ಬಿಟ್ಟಿರಲಿಲ್ಲ. ಹಾಗಾದರೆ ಏಪ್ರಿಲ್‌ನಲ್ಲಿ ಬೇರೆ ಯಾರೋ ಬಡಿಸುತ್ತಿದ್ದರು.

ಅಡುಗೆಮನೆಯ ನಲ್ಲಿ

ಆವಿಯಾದ ನೀರಿಗೆ ಬದಲು ಅವರು ತುಂಬುತ್ತಿದ್ದದ್ದು ಅಡುಗೆಮನೆಯ ಆರ್‌ಒ ಯಂತ್ರದ ನೀರು. ಆರ್‌ಒ ಎಂದ ಮೇಲೆ ಶುದ್ಧ ಎಂದು ಯಾರಾದರೂ ನಂಬುತ್ತಾರೆ. ಆದರೆ ಕುಡಿಯುವ ನೀರಿನ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಟಿಡಿಎಸ್ ಹೊಂದಿಸುವ ಒಂದು ಪುಟ್ಟ ತಿರುಪು ಇರುತ್ತದೆ. ಪೂರ್ತಿ ಸೋಸಿದ ನೀರು ಸಪ್ಪೆ ಎನ್ನಿಸುತ್ತದೆಂದು ಸೋಸದ ನೀರನ್ನು ಒಂದಿಷ್ಟು ಮತ್ತೆ ಬೆರೆಸುವ ಏರ್ಪಾಡು ಅದು. ನಾಲಗೆಗೆ ಒಳ್ಳೆಯದು. ತೊಟ್ಟಿಗೆ ಅದು ಹಿತ್ತಲ ಬಾಗಿಲು.

ಮೈಸೂರಿಗೆ ಕುಡಿಯುವ ನೀರು ಬರುವುದು ಕಾವೇರಿ ಮತ್ತು ಕಬಿನಿಯಿಂದ. ನದಿಯ ನೀರು ಮೆದು. ಮಾರ್ಚ್ ಮುಗಿಯುತ್ತಿದ್ದಂತೆ ಮೇಲಿನ ಮನೆಗೆ ಬಾಡಿಗೆಗೆ ಜನ ಬಂದರು, ಬಳಕೆ ಹೆಚ್ಚಿತು. ಅಂಗಳದ ಸಂಪಿಗೆ ಯಜಮಾನರು ಕೊಳವೆಬಾವಿಯ ನೀರನ್ನೂ ಬಿಡತೊಡಗಿದರು. ಕೊಳವೆಬಾವಿಯ ನೀರು ಗಡುಸು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದು ಬೈಕಾರ್ಬೊನೇಟ್ ಸುಣ್ಣವಾಗಿ ಕೂತದ್ದು. "ಹೌದು, ಈಚೆಗೆ ಬೇಳೆ ಬೇಯುವುದಿಲ್ಲ" ಎಂದು ಅಜ್ಜಿ ಒಳಗಿನಿಂದ ಹೇಳಿದರು. ಯಜಮಾನರ ತಾಯಿ. ಈ ಪ್ರಕರಣದ ನಿಜವಾದ ಸುಳಿವು ಅವರ ಬಳಿ ಒಂದೂವರೆ ತಿಂಗಳಿನಿಂದ ಇತ್ತು. ಯಾರೂ ಕೇಳಿರಲಿಲ್ಲ.

ಆ ದಿನ ಯಂತ್ರದಿಂದ ಹಿಡಿದ ನೀರಿನ ಟಿಡಿಎಸ್ 240, ಕ್ಷಾರೀಯತೆ 8.4. ಕೊಳವೆಬಾವಿ ಬಂದ್ ಮಾಡಿ, ಸಂಪು ತೊಳೆದು, ನದಿ ನೀರು ಮಾತ್ರ ತುಂಬಿದ ಮೇಲೆ ಅದೇ ಯಂತ್ರದಿಂದ ಹಿಡಿದರೆ ಟಿಡಿಎಸ್ 60, ಕ್ಷಾರೀಯತೆ 2. ದಿನಕ್ಕೆ 5 ಲೀಟರಿನಂತೆ 240 ಲೀಟರಿಗೆ ಹಂಚಿದರೆ ಕೊಳವೆಬಾವಿಯ ನೀರು ದಿನಾ ಸುಮಾರು 0.17 ಡಿಕೆಎಚ್ ಸೇರಿಸುತ್ತದೆ, ನದಿಯ ನೀರು 0.04. 0.45ರಲ್ಲಿ ಕಳೆದರೆ ಒಮ್ಮೆ 0.28, ಇನ್ನೊಮ್ಮೆ 0.41. ವಾರಕ್ಕೆ ಒಂದು ಕಡೆ 2, ಇನ್ನೊಂದು ಕಡೆ 2.9. ನೋಟುಬುಕ್ಕಿನ ಏಪ್ರಿಲ್ ಮತ್ತು ಮಾರ್ಚ್ ಇಷ್ಟೇ.

ನೀರು ಮಾತ್ರ ಆವಿಯಾಗುತ್ತದೆ, ಅದರೊಳಗಿನದು ಉಳಿಯುತ್ತದೆ ಎಂಬುದನ್ನು ನಾನು ತರಗತಿಯಲ್ಲಿ ವರ್ಷಕ್ಕೆ ಎರಡು ಸಲ ಹೇಳುತ್ತೇನೆ. ಆದರೂ ಮೊದಲ ದಿನ ಆ ಯಂತ್ರದ ಪಕ್ಕದಲ್ಲೇ ನಿಂತು ಕಾಫಿ ಕುಡಿದಿದ್ದೆ.

ಸುಣ್ಣದ ತಿಳಿಯೋ, ಎರಡು ಬಾಟಲಿಯೋ

ಅಳೆದಾಗ ಕ್ಯಾಲ್ಸಿಯಂ ಲೀಟರಿಗೆ 340 ಮಿಲಿಗ್ರಾಂ ಬಂತು, ಸಮುದ್ರದಲ್ಲಿ 410ರಿಂದ 420 ಇರುತ್ತದೆ. ಮೆಗ್ನೀಸಿಯಂ 1180, ಇರಬೇಕಾದದ್ದು 1300ರ ಸುಮಾರು. ಇದೂ ಆಶ್ಚರ್ಯವಲ್ಲ. ಪಾಚಿ ಗೋಡೆ ಕಟ್ಟುವಾಗ 1 ಡಿಕೆಎಚ್ ಜೊತೆಗೆ ಲೀಟರಿಗೆ 7 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಹೋಗುತ್ತದೆ. ಯಜಮಾನರು ಸೋಡಾ ತಪ್ಪದೆ ಹಾಕುತ್ತಿದ್ದರು, ಕ್ಯಾಲ್ಸಿಯಂ ದ್ರಾವಣವನ್ನು ನೆನಪಾದಾಗ ಹಾಕುತ್ತಿದ್ದರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂಬ ಮಾತು ಇಲ್ಲಿ ಹೆಚ್ಚು ಕಡಿಮೆ ಅಕ್ಷರಶಃ ನಿಜ, ಸುಣ್ಣದ ಕಣ್ಣು ಬರಿದಾಗಿತ್ತು ಅಷ್ಟೇ.

ಮೆಗ್ನೀಸಿಯಂ ಕಡಿಮೆಯಾದರೆ ಇನ್ನೊಂದು ಪೀಡೆ. ಸುಣ್ಣದ ಹರಳು ತನ್ನಷ್ಟಕ್ಕೆ ಬೆಳೆಯದಂತೆ ತಡೆಯುವುದು ಅದೇ. ಅದಿಲ್ಲದಿದ್ದರೆ ಕ್ಷಾರೀಯತೆ ಜೀವಿಗಳ ಹೊಟ್ಟೆಗೆ ಹೋಗದೆ ಪಂಪಿನ ರೆಕ್ಕೆಗೆ, ಹೀಟರಿನ ಮೈಗೆ ಕಲ್ಲಾಗಿ ಅಂಟುತ್ತದೆ. ಪಂಪು ಬಿಚ್ಚಿ ವಿನೆಗರಿನಲ್ಲಿ ಇಟ್ಟಾಗ ಅದು ಸೋಡಾ ಬಾಟಲಿಯಂತೆ ನೊರೆಯೆದ್ದಿತು. ದಿನದ 0.45ರಲ್ಲಿ ಪಾಚಿಯ ಪಾಲೆಷ್ಟು, ಪಂಪಿನ ಪಾಲೆಷ್ಟು ಎಂದು ಬೇರ್ಪಡಿಸಲು ನಾನು ಹೋಗಲಿಲ್ಲ. ಮೊದಲು ಮೆಗ್ನೀಸಿಯಂ ಕ್ಲೋರೈಡ್ 240 ಗ್ರಾಂ, ನಾಲ್ಕು ದಿನಕ್ಕೆ ಹಂಚಿ. ಆಮೇಲೆ, ಕ್ಷಾರೀಯತೆ 8ಕ್ಕೆ ಇಳಿದ ಮೇಲೆ, ಕ್ಯಾಲ್ಸಿಯಂ ಕ್ಲೋರೈಡ್ 70 ಗ್ರಾಂ, ಅದೂ ನಾಲ್ಕು ದಿನಕ್ಕೆ. ಕ್ಯಾಲ್ಸಿಯಂ, ಕ್ಷಾರೀಯತೆ ಎರಡೂ ಒಟ್ಟಿಗೆ ಏರಿದರೆ ತೊಟ್ಟಿಯ ನೀರು ಹಾಲಿನಂತೆ ಬೆಳ್ಳಗಾಗುತ್ತದೆ.

ದಿನನಿತ್ಯದ ಬಡಿಸುವಿಕೆಗೆ ಎರಡು ದಾರಿ. ಒಂದು ಸುಣ್ಣದ ತಿಳಿ. ಅರಳಿಸಿದ ಸುಣ್ಣವನ್ನು ನೀರಿಗೆ ಹಾಕಿ ಕದಡಿ, ತಳ ಕೂತ ಮೇಲೆ ಮೇಲಿನ ತಿಳಿಯನ್ನು ಆವಿಯಾದ ನೀರಿನ ಬದಲು ಹನಿಸುವುದು. ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಎರಡೂ ಬೇಕಾದ ಪ್ರಮಾಣದಲ್ಲೇ ಸೇರುತ್ತವೆ, ಹೊರಗಿನ ಉಪ್ಪು ಸೇರುವುದಿಲ್ಲ. ರಾಸಾಯನಿಕವಾಗಿ ಇದಕ್ಕಿಂತ ಚೆಂದದ ಉಪಾಯ ಇಲ್ಲ. ಅಜ್ಜಿಗೂ ಇದೇ ಮೆಚ್ಚುಗೆಯಾಯಿತು. ತಮ್ಮ ಎಲೆಯಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ಎತ್ತಿ ಕೊಟ್ಟರು. ತಾಂಬೂಲದ ಸುಣ್ಣ ಎಷ್ಟು ಶುದ್ಧವೋ ಹೇಳಲಾಗದು, ಪ್ರಯೋಗಾಲಯದ ದರ್ಜೆಯದೇ ಬೇಕು ಎಂದೆ. "ಎಪ್ಪತ್ತು ವರ್ಷ ನಾನು ತಿಂದಿದ್ದೇನೆ, ನಿಮ್ಮ ಮೀನಿಗೆ ಆಗುವುದಿಲ್ಲವೇನಪ್ಪ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಆದರೂ ಈ ಮನೆಗೆ ಸುಣ್ಣದ ತಿಳಿ ಬೇಡವೆಂದು ತೀರ್ಮಾನಿಸಿದೆ. ತಿಳಿ ಎಷ್ಟು ಸೇರುತ್ತದೆ ಎಂಬುದನ್ನು ನಿರ್ಧರಿಸುವುದು ಆವಿ. ಮೇ ತಿಂಗಳಲ್ಲಿ 5 ಲೀಟರ್ ಆವಿಯಾಗುವ ತೊಟ್ಟಿಯಲ್ಲಿ ಜುಲೈನ ಜಿಟಿಜಿಟಿ ಮಳೆಗೆ ಅದರ ಅರ್ಧವೂ ಆಗುವುದಿಲ್ಲ. ಹಸಿವು ಮಾತ್ರ ಅಷ್ಟೇ ಇರುತ್ತದೆ. ಋತು ಬದಲಾದಾಗಲೆಲ್ಲ ಸುಣ್ಣದ ಗಾಢತೆ ಬದಲಿಸಬೇಕು. ಎರಡನೆಯದು, ಮಟ್ಟ ನೋಡಿ ನೀರು ಬಿಡುವ ಫ್ಲೋಟ್ ಒಮ್ಮೆ ಸಿಕ್ಕಿಹಾಕಿಕೊಂಡರೆ ಇಡೀ ಕ್ಯಾನಿನ ತಿಳಿ ಒಂದೇ ರಾತ್ರಿ ಒಳಗೆ. ತಿಳಿಯ ಪಿಎಚ್ 12ಕ್ಕಿಂತ ಮೇಲೆ. ಅಳತೆಯಲ್ಲಿ ಸಡಿಲ ಇರುವ ಮನೆಗೆ ಇಂಥ ಕತ್ತಿ ಕೊಡಬಾರದು.

ಆದ್ದರಿಂದ ಎರಡು ಬಾಟಲಿ, ಎರಡು ತಲೆಯ ಡೋಸಿಂಗ್ ಪಂಪು. ಮೊದಲ ಬಾಟಲಿಗೆ ಅಡುಗೆ ಸೋಡಾವನ್ನು ಓವನ್‌ನಲ್ಲಿ 200 ಡಿಗ್ರಿಯಲ್ಲಿ ಒಂದು ಗಂಟೆ ಹುರಿದೆವು. 300 ಗ್ರಾಂ ಇಟ್ಟದ್ದು 190 ಗ್ರಾಂ ಆಯಿತು. ಹೋದ ತೂಕ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್, ಉಳಿದದ್ದು ಸೋಡಿಯಂ ಕಾರ್ಬೊನೇಟ್. ಹುರಿಯದೆಯೂ ಬಳಸಬಹುದು, ಆದರೆ ಬೆಳಗಿನ ಪಿಎಚ್ ತಗ್ಗಿರುವ ಈ ಹಜಾರಕ್ಕೆ ಹುರಿದದ್ದು ವಾಸಿ, ಅದು ಪಿಎಚ್ ಅನ್ನು ತುಸು ಮೇಲಕ್ಕೆತ್ತುತ್ತದೆ. ಇಡೀ 190 ಗ್ರಾಂ ಅನ್ನು ಶುದ್ಧ ನೀರಿನಲ್ಲಿ ಕರಗಿಸಿ 5 ಲೀಟರ್ ಮಾಡಿದೆವು. ಎರಡನೆಯ ಬಾಟಲಿಗೆ ಲೀಟರಿಗೆ 52 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್. ಈ ಪ್ರಮಾಣದಲ್ಲಿ ಎರಡನ್ನೂ ಸಮ ಮಿಲಿಲೀಟರ್ ಹಾಕಿದರೆ ಗೋಡೆ ಕಟ್ಟಲು ಬೇಕಾದ ಸಾಮಾನು ಸರಿಯಾಗಿ ಹೊಂದುತ್ತದೆ. ಬೇಕಿಂಗ್ ಪೌಡರ್ ಬೇರೆ, ಅದರಲ್ಲಿ ಹುಳಿ ಮತ್ತು ಪಿಷ್ಟ ಇರುತ್ತದೆ. ಡಬ್ಬಿಯ ಮೇಲಿನ ಹೆಸರು ಓದಿಯೇ ತೆಗೆಯಬೇಕು.

ದಿನಕ್ಕೆ ತಲಾ 54 ಮಿಲಿ ಬೇಕಿತ್ತು. ಎರಡು ಗಂಟೆಗೊಮ್ಮೆ 4.5 ಮಿಲಿಯಂತೆ ಹನ್ನೆರಡು ಸಲ. ಒಂದೊಂದು ಸಲಕ್ಕೆ ಕ್ಷಾರೀಯತೆ ಏರುವುದು 0.04ಕ್ಕಿಂತ ಕಡಿಮೆ, ಯಾವ ಕಿಟ್ಟಿಗೂ ಕಾಣದಷ್ಟು. ಎರಡು ದ್ರಾವಣಗಳ ನಡುವೆ ಒಂದು ಗಂಟೆ ಅಂತರ, ಬೀಳುವ ಜಾಗವೂ ಬೇರೆ ಬೇರೆ.

ನೀರು ಬದಲಾವಣೆ ವಾರಕ್ಕೆ ಇಪ್ಪತ್ತನೇ ಒಂದು ಪಾಲಿಗೆ ಇಳಿಯಿತು. ಹಳೆಯ ಉಪ್ಪು ಮುಗಿಯುವವರೆಗೆ 11ರ ನೀರೇ ಸೇರಿದರೂ ಅದರಿಂದ ಏರುವುದು 0.15 ಮಾತ್ರ. ಅಡುಗೆಮನೆಯ ಯಂತ್ರವನ್ನು ಅಡುಗೆಮನೆಗೇ ಬಿಟ್ಟು, ತೊಟ್ಟಿಗೆ ಬೇರೆ ಆರ್‌ಒ, ಅದರ ಕೊನೆಗೆ ಉಳಿದ ಲವಣವನ್ನೂ ಹಿಡಿಯುವ ರಾಳದ ಕಾರ್ಟ್ರಿಜ್ ಇರುವಂಥದ್ದು. ಅದರ ವ್ಯರ್ಥ ನೀರು ಹಿತ್ತಲಿನ ಬಾಳೆಗೆ ಹೋಗುತ್ತದೆ.

ಆಮೇಲೆ

ಭಾನುವಾರ 7.8 ಇದ್ದಾಗ ಪಂಪು ಶುರು ಮಾಡಿದೆವು. ಗುರಿ 8.0. ಸಮುದ್ರದಂತೆ 7ರಲ್ಲೇ ಇಡಬಹುದಿತ್ತು, ಆದರೆ ಪಂಪು ಕೆಟ್ಟು ಎರಡು ಮೂರು ದಿನ ಯಾರೂ ನೋಡದಿದ್ದರೂ ಪಾತಾಳಕ್ಕೆ ಇಳಿಯಬಾರದಲ್ಲ. ಮುಂದಿನ ಮೂರು ವಾರ ದಿನಾ ಅಳೆದಳು ಹುಡುಗಿ: 7.7ರಿಂದ 8.1ರ ಒಳಗೆ. ಆ ಮೂರೂ ಸೋಮವಾರಗಳ ಅಂಚಿನಲ್ಲಿ ಏನೂ ಬರೆದಿಲ್ಲ. ಬಿಳಿಚಿದ್ದ ಜಾಗಗಳು ಜೂನ್ ಕೊನೆಗೆ ಮತ್ತೆ ನೇರಳೆಯಾದವು. ತೊಗಲು ಹವಳ ತನಗೆ ತೋಚಿದಾಗ ಪೊರೆ ಬಿಡುತ್ತಲೇ ಇದೆ.

ಆಗಸ್ಟ್‌ನಲ್ಲಿ ಎರಡು ವಾರದಲ್ಲಿ 8.0ದಿಂದ 7.2ಕ್ಕೆ ಮೆಲ್ಲಗೆ ಜಾರಿತು. ಈ ಸಲ ಫೋನ್ ಬರಲಿಲ್ಲ, ಹುಡುಗಿಯೇ ಪಂಪಿನ ಬಾಯಿಗೆ ಅಳತೆಯ ಕೊಳವೆ ಹಿಡಿದಳು. 4.5 ಬೀಳಬೇಕಾದಲ್ಲಿ 3.9 ಬೀಳುತ್ತಿತ್ತು. ರೋಲರು ಒತ್ತಿ ಒತ್ತಿ ಕೊಳವೆ ಸೊರಗಿತ್ತು. ಕೊಳವೆ ಬದಲಿಸಿ, ತಿಂಗಳಿಗೊಮ್ಮೆ ಅಳೆಯಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿದಳು. ಸೆಪ್ಟೆಂಬರ್ ಹೊತ್ತಿಗೆ ಪಾಚಿ ಪಕ್ಕದ ಗಾಜಿಗೂ ಹಬ್ಬಿ ದಿನದ ಬಳಕೆ 0.55ಕ್ಕೆ ಏರಿತು, ಡೋಸು 66 ಮಿಲಿ ಆಯಿತು.

ದಸರೆಗೆ ನೆಂಟರು ಬರುತ್ತಾರೆಂದು ಯಜಮಾನರು ಒಂದು ಮಧ್ಯಾಹ್ನ ಕೂತು ಹಿಂಬದಿಯ ಮತ್ತು ಪಕ್ಕದ ಗಾಜುಗಳನ್ನು ಪೂರ್ತಿ ಕೆರೆದು ಫಳಫಳ ಮಾಡಿದರು. ಉಣ್ಣುವ ಬಾಯಿಗಳಲ್ಲಿ ಒಂದು ದೊಡ್ಡ ಪಾಲನ್ನೇ ಕೆರೆದು ಹಾಕಿದ್ದರು, ಪಂಪು ಮಾತ್ರ ಹಳೆಯ ಲೆಕ್ಕದಲ್ಲೇ ಬಡಿಸುತ್ತಿತ್ತು. ಆರನೆಯ ದಿನ 8.9. ಡೋಸು 48ಕ್ಕೆ ಇಳಿಸಿದ ಮೇಲೆ ನಿಂತಿತು. ಗಾಜು ಕೆರೆಯುವ ಬ್ಲೇಡು ಈಗ ಹುಡುಗಿಯ ಪುಸ್ತಕದ ಕಪಾಟಿನಲ್ಲಿದೆ, ಅಪ್ಪ ಬೇಕೆಂದರೆ ನೋಟುಬುಕ್ಕಿನಲ್ಲಿ ದಿನಾಂಕ ಬರೆದು ಸಹಿ ಹಾಕಿ ತೆಗೆದುಕೊಳ್ಳಬೇಕು.